ಕಲಿವಿಕೋಡಿ: ಕಳೆದುಹೋಗಿ ಸಿಕ್ಕಿದ ಒಂದು ಹಕ್ಕಿಯ ಚರಿತ್ರೆ

ಮದರಾಸು ಆಧಿಪತ್ಯದ ಚರಿತ್ರೆಯನ್ನು ಬರೆದವರು ಕೋಟೆಕೊತ್ತಲಗಳನ್ನೂ ಕಂದಾಯದ ಏರ್ಪಾಡುಗಳನ್ನೂ ಸಂಧಿವಿಗ್ರಹಗಳನ್ನೂ ಸವಿಸ್ತಾರವಾಗಿ ವರ್ಣಿಸಿದ್ದಾರೆ. ಆ ಆಧಿಪತ್ಯದ ಒಳನಾಡಿನ ಬಹುಭಾಗವನ್ನು ಆವರಿಸಿದ್ದ ಕುರುಚಲು ಕಾಡಿಗೂ ಒಂದು ಚರಿತ್ರೆಯುಂಟೆಂಬುದು ಅವರ ಗಮನಕ್ಕೆ ಅಷ್ಟಾಗಿ ಬಂದಂತಿಲ್ಲ. ಕಡಪ, ನೆಲ್ಲೂರು, ಅನಂತಪುರ, ಕೋಲಾರ ಈ ಸೀಮೆಗಳ ಮುಳ್ಳುಪೊದೆಗಳ ನಡುವೆ ಸುಳಿದು, ಮರೆಯಾಗಿ, ಮತ್ತೆ ಕಾಣಿಸಿಕೊಂಡ ಒಂದು ಚಿಕ್ಕ ಹಕ್ಕಿಯ ವೃತ್ತಾಂತವನ್ನು ಇಲ್ಲಿ ನಿರೂಪಿಸಲು ಉದ್ದೇಶಿಸಿದ್ದೇನೆ. ಸಂಘದ ತ್ರೈಮಾಸಿಕದಲ್ಲಿ ಶಾಸನಗಳಿಗೆ ಸಲ್ಲಬೇಕಾದ ಪುಟಗಳನ್ನು ಹಕ್ಕಿಗೆ ಮೀಸಲಿಡುವುದು ಕೆಲವರಿಗೆ ವಿಚಿತ್ರವಾಗಿ ತೋರಬಹುದು. ಆದರೆ ಈ ಹಕ್ಕಿಯ ಕಥೆ ಮದರಾಸಿನಲ್ಲಿ ನೆಲೆಸಿರುವ ಕನ್ನಡಿಗರಾದ ನಮಗೆ ದೂರದ್ದಲ್ಲ. ಇದನ್ನು ವಿದ್ವಲ್ಲೋಕಕ್ಕೆ ತೋರಿಸಿಕೊಟ್ಟವನು ಮದರಾಸು ಸೈನ್ಯದ ಒಬ್ಬ ವೈದ್ಯ. ಇದರದೆಂದು ನಿಶ್ಚಯವಾಗಿ ತಿಳಿದಿರುವ ಒಂದೇ ಒಂದು ಮೊಟ್ಟೆ ಸಿಕ್ಕಿದ್ದು ಕನ್ನಡ ನೆಲದಲ್ಲಿ. ಇದರ ಕಾಡಿನ ಅಂಚನ್ನು ಅಗೆದ ಕಾಲುವೆಯಾದರೋ ನಾವು ಕುಡಿಯುವ ನೀರಿನ ಹೆಸರಿನಲ್ಲಿ ಹುಟ್ಟಿದ ಯೋಜನೆಗೆ ಸೇರಿದ್ದು.

ಮೊದಲು ಹೆಸರಿನ ವಿಚಾರ. ಇಂಗ್ಲೀಷಿನಲ್ಲಿ ಇದನ್ನು 'ಜೆರ್ಡನ್ಸ್ ಕೋರ್ಸರ್' ಎನ್ನುತ್ತಾರೆ. ಕೋರ್ಸರ್ ಎಂದರೆ ಓಟಗಾರ. ರೆಕ್ಕೆಗಿಂತ ಕಾಲನ್ನೇ ಹೆಚ್ಚಾಗಿ ನೆಚ್ಚಿಕೊಂಡಿರುವ ಹಕ್ಕಿಗಳ ಒಂದು ಗುಂಪಿಗೆ ಆ ಹೆಸರು ಸಲ್ಲುತ್ತದೆ. ಶಾಸ್ತ್ರೀಯ ನಾಮಧೇಯ 'ರೈನಾಪ್ಟಿಲಸ್ ಬೈಟಾರ್ಕ್ವೇಟಸ್'. ಇದರ ಉತ್ತರಪದಕ್ಕೆ 'ಎರಡು ಕಂಠಪಟ್ಟಿಗಳುಳ್ಳದ್ದು' ಎಂದರ್ಥ. ಆದರೆ ಕಡಪ ಸೀಮೆಯ ತೆಲುಗರು ಇಟ್ಟಿರುವ 'ಕಲಿವಿಕೋಡಿ' ಎಂಬ ಹೆಸರೇ ನನಗೆ ಇವೆರಡಕ್ಕಿಂತ ಹೆಚ್ಚು ಅರ್ಥವತ್ತಾಗಿ ತೋರುತ್ತದೆ. ಕಲಿವಿ ಎಂದರೆ ನಮ್ಮ ಕವಳೆಯ ಗಿಡ. ಕೋಡಿ ಎಂದರೆ ಕೋಳಿ. ಕವಳೆಯ ಪೊದೆಗಳ ನಡುವೆ ಕೋಳಿಯಂತೆ ನೆಲದ ಮೇಲೆ ಓಡಾಡುವ ಹಕ್ಕಿ ಎಂಬಷ್ಟು ಅಭಿಪ್ರಾಯವನ್ನು ಎರಡೇ ಪದಗಳಲ್ಲಿ ಅಡಗಿಸಿದವರು ಆ ಕಾಡನ್ನೂ ಹಕ್ಕಿಯನ್ನೂ ಕಣ್ಣಾರೆ ಕಂಡವರೇ ಆಗಿರಬೇಕು. ಜೆರ್ಡನ್ ತನ್ನ ಗ್ರಂಥದಲ್ಲಿ ಇನ್ನೊಂದು ತೆಲುಗು ಹೆಸರನ್ನು ಬರೆದಿಟ್ಟಿದ್ದಾನೆ: 'ಅಡವಿ ಉತತಿತ್ತಿ'. ಅಡವಿ ಎಂಬುದು ನಮಗೂ ತೆಲುಗರಿಗೂ ಸಮಾನವಾದ ಮಾತು. 'ತಿತ್ತಿ' ಎಂಬುದರಲ್ಲಿ ಟಿಟ್ಟಿಭದ ಹೆಸರಿನಲ್ಲಿರುವಂತಹ ಧ್ವನ್ಯನುಕರಣ ಇರುವಂತೆ ತೋರುತ್ತದೆ, ಭಾಷಾಶಾಸ್ತ್ರಜ್ಞರು ವಿಚಾರಿಸಬಹುದು.

ಹಕ್ಕಿಯ ರೂಪವನ್ನು ಸಂಗ್ರಹವಾಗಿ ಹೇಳುವುದಾದರೆ, ಕೊಕ್ಕಿನಿಂದ ಬಾಲದ ತುದಿಯವರೆಗೆ ಸುಮಾರು 27 ಸೆಂಟಿಮೀಟರು ಉದ್ದ. ಮೈಯೆಲ್ಲ ಒಣಮಣ್ಣಿನ ಕಂದು. ನೆತ್ತಿ ಕಪ್ಪುಮಿಶ್ರಿತ ಕಂದು. ಕಣ್ಣಿನ ಮೇಲೆ ಅಗಲವಾದ ಬಿಳಿ ಹುಬ್ಬು. ಗಂಟಲಿನಲ್ಲಿ ಕೆಂಗಂದು ಬಣ್ಣದ ಒಂದು ಮಚ್ಚೆ. ಎದೆಯ ಮೇಲೆ ಎರಡು ಕಂದು ಪಟ್ಟೆಗಳು, ಅವುಗಳ ನಡುವೆ ಬಿಳಿಯ ಗೆರೆ. ಕೊಕ್ಕು ಗಿಡ್ಡ, ಹಳದಿ, ತುದಿಯಲ್ಲಿ ಕಪ್ಪು. ಕಾಲು ನೀಳ. ಕಣ್ಣು ಮಾತ್ರ ಮೈಯ ಅಳತೆಗೆ ದೊಡ್ಡದು. ಈ ಕಣ್ಣಿನ ವಿಚಾರವನ್ನು ವಾಚಕರು ನೆನಪಿನಲ್ಲಿಟ್ಟುಕೊಳ್ಳಬೇಕೆಂದು ಕೋರುತ್ತೇನೆ. ಇದರ ಕುಲಕ್ಕೆ ಸೇರಿದ ಸೋದರ ಜಾತಿಗಳೆಲ್ಲ ಆಫ್ರಿಕ ಖಂಡದಲ್ಲಿವೆ. ಏಷ್ಯದಲ್ಲಿ ಉಳಿದಿರುವುದು ಇದೊಂದೇ. ಅದೂ ಪೂರ್ವಘಟ್ಟದ ಈ ಒಂದು ಮೂಲೆಯಲ್ಲಿ.

ತಾಮಸ್ ಕ್ಯಾವರ್‌ಹಿಲ್ ಜೆರ್ಡನ್ 1811ರಲ್ಲಿ ಇಂಗ್ಲೆಂಡಿನ ಡರ್ಹಮ್ ಸೀಮೆಯಲ್ಲಿ ಹುಟ್ಟಿದನು. ವೈದ್ಯಶಾಸ್ತ್ರವನ್ನು ಓದಿ 1835ರಲ್ಲಿ ಈಸ್ಟ್ ಇಂಡಿಯ ಕಂಪೆನಿಯ ನೌಕರಿಗೆ ಸೇರಿ, ಮರುವರ್ಷ ಮದರಾಸಿಗೆ ಬಂದಿಳಿದನು. ಆ ಕಾಲದ ಕಂಪೆನಿಯ ವೈದ್ಯರಲ್ಲಿ ಅನೇಕರು ಔಷಧದ ಪೆಟ್ಟಿಗೆಯ ಜೊತೆಗೆ ಗಿಡಮೂಲಿಕೆಗಳ, ಕೀಟಗಳ, ಹಕ್ಕಿಗಳ ಸಂಗ್ರಹವನ್ನೂ ಹೊತ್ತು ತಿರುಗುತ್ತಿದ್ದರು. ಜೆರ್ಡನ್ ಆ ವರ್ಗದಲ್ಲಿ ಅಗ್ರಗಣ್ಯ. ಸೈನ್ಯದ ದಂಡಿನೊಡನೆ ದಖ್ಖನ್ನಿನಲ್ಲಿ ಸುತ್ತಿ, ನೀಲಗಿರಿಯಲ್ಲಿ ಕೆಲಕಾಲ ಇದ್ದು, ಅನಂತರ ನೆಲ್ಲೂರಿನಲ್ಲಿ ಸಿವಿಲ್ ಸರ್ಜನ್ ಆಗಿ ಕೆಲಸ ಮಾಡಿದನು. ದಕ್ಷಿಣಾಪಥದ ಪಕ್ಷಿಗಳ ಪಟ್ಟಿಯನ್ನು ಅವನು 1839ರಿಂದ ಮೊದಲ್ಗೊಂಡು 'ಮದರಾಸ್ ಜರ್ನಲ್ ಆಫ್ ಲಿಟರೇಚರ್ ಅಂಡ್ ಸೈನ್ಸ್' ಎಂಬ ಪತ್ರಿಕೆಯಲ್ಲಿ ಪ್ರಕಟಿಸಿದನು.

ಈ ಪತ್ರಿಕೆಯ ವಿಷಯವಾಗಿ ಒಂದು ಮಾತನ್ನು ಹೇಳದೆ ಮುಂದೆ ಹೋಗಲಾಗುವುದಿಲ್ಲ. 1812ರಲ್ಲಿ ಸ್ಥಾಪಿತವಾದ ಮದರಾಸ್ ಲಿಟರರಿ ಸೊಸೈಟಿಯ ಆಶ್ರಯದಲ್ಲಿ ಇದು ಹೊರಡುತ್ತಿದ್ದಿತು. ಕರ್ನಲ್ ಮೆಕೆಂಜಿಯ ಹಸ್ತಪ್ರತಿ ಭಂಡಾರವನ್ನು ಪರಿಶೀಲಿಸಿ ವಿಲಿಯಮ್ ಟೇಲರ್ ಬರೆದ ವರದಿಗಳು ಅಚ್ಚಾದದ್ದೂ ಇದೇ ಪತ್ರಿಕೆಯಲ್ಲಿ. ಕನ್ನಡ ಕೈಫಿಯತ್ತುಗಳನ್ನು ಹುಡುಕುತ್ತಾ ಈ ಹಳೆಯ ಸಂಪುಟಗಳ ಹಾಳೆ ತಿರುವಿದ ಸಂಶೋಧಕರು ನಮ್ಮಲ್ಲಿ ಇದ್ದಾರೆ. ಅವರ ಬೆರಳು ಜೆರ್ಡನ್ನನ ಹಕ್ಕಿಗಳ ಮೇಲೂ ಹಾದುಹೋಗಿರಬೇಕು, ನಿಂತಿರಲಾರದು. ಚರಿತ್ರೆಯನ್ನೂ ಪ್ರಕೃತಿಯನ್ನೂ ಒಂದೇ ರಟ್ಟಿನೊಳಗೆ ಇಡುವ ಆ ಕಾಲದ ಉದಾರ ಮನೋಧರ್ಮ ಮುಂದೆ ಕ್ಷೀಣವಾಯಿತು.

ನೆಲ್ಲೂರಿನ ಪಶ್ಚಿಮಕ್ಕಿರುವ ಬೆಟ್ಟಸಾಲುಗಳ ಆಚೆ, ಕಡಪದ ಕಡೆಗೆ, ಜೆರ್ಡನ್ನನಿಗೆ ಈ ಹಕ್ಕಿ ದೊರೆಯಿತು. ಅವನು ಅದನ್ನು ಕಲ್ಕತ್ತೆಯ ಏಷ್ಯಾಟಿಕ್ ಸೊಸೈಟಿಯ ಸಂಗ್ರಹಾಲಯದ ಪಾಲಕನಾಗಿದ್ದ ಎಡ್ವರ್ಡ್ ಬ್ಲೈತ್‌ನ ಗಮನಕ್ಕೆ ತಂದನು. ಬ್ಲೈತ್ 1848ರಲ್ಲಿ ಅದನ್ನು ಹೊಸ ಜಾತಿಯೆಂದು ವರ್ಣಿಸಿ ಹೆಸರಿಟ್ಟನು. ಹೀಗೆ ಹಕ್ಕಿಯನ್ನು ಕಂಡವನು ಒಬ್ಬ, ನಾಮಕರಣ ಮಾಡಿದವನು ಇನ್ನೊಬ್ಬ; ಇಂಗ್ಲೀಷಿನ ಲೋಕರೂಢಿ ಮಾತ್ರ ಕಂಡವನ ಪರವಾಗಿ ತೀರ್ಪು ಕೊಟ್ಟಿತು. 1862ರಿಂದ 1864ರವರೆಗೆ ಪ್ರಕಟವಾದ 'ದಿ ಬರ್ಡ್ಸ್ ಆಫ್ ಇಂಡಿಯ' ಎಂಬ ತನ್ನ ಮಹಾಗ್ರಂಥದಲ್ಲಿ ಜೆರ್ಡನ್ ಇದರ ವಾಸಸ್ಥಾನವನ್ನು ಸರಿಯಾಗಿಯೇ ಗುರುತಿಸಿದ್ದಾನೆ: ಬಂಡೆಗಳಿಂದ ಕೂಡಿದ ಏರುತಗ್ಗಿನ ನೆಲ, ಅದರ ಮೇಲೆ ವಿರಳವಾದ ಕಾಡು. ಇದೇ ವೈದ್ಯ 1851ರಲ್ಲಿ ಅದೇ ಮದರಾಸು ಪತ್ರಿಕೆಯಲ್ಲಿ ದಕ್ಷಿಣ ಹಿಂದೂದೇಶದ ಇರುವೆಗಳ ಪಟ್ಟಿಯನ್ನೂ ಬರೆದನು. ನೆಗೆಯುವ ಇರುವೆಯೆಂದು ಪ್ರಸಿದ್ಧವಾದ ಜಾತಿಗೆ ಹೆಸರು ಕೊಟ್ಟವನೂ ಅವನೇ. ತಾನು ಕಂಡ ಹಕ್ಕಿಯ ಮುಖ್ಯ ಆಹಾರ ಇರುವೆ ಮತ್ತು ಗೆದ್ದಲು ಎಂಬುದು ಒಂದೂವರೆ ಶತಮಾನದ ಅನಂತರ ಸಿದ್ಧಪಟ್ಟಿತೆಂದು ತಿಳಿದಿದ್ದರೆ ಅವನಿಗೆ ಸಂತೋಷವಾಗುತ್ತಿತ್ತೋ ಏನೋ. ಜೆರ್ಡನ್ 1872ರಲ್ಲಿ ತೀರಿಕೊಂಡನು.

ಅವನ ತರುವಾಯ ಈ ಹಕ್ಕಿಯನ್ನು ಕಂಡವರು ಬೆರಳೆಣಿಕೆಯವರು. ಭೂಗರ್ಭಶಾಸ್ತ್ರಜ್ಞನಾದ ವಿಲಿಯಮ್ ಬ್ಲ್ಯಾನ್‌ಫರ್ಡ್ ಗೋದಾವರಿಯ ಕಣಿವೆಯಲ್ಲಿ, ಸಿರೋಂಚ ಮತ್ತು ಭದ್ರಾಚಲದ ಸುತ್ತಿನಲ್ಲಿ, ಇದನ್ನು ನೋಡಿ ದಾಖಲೆ ಮಾಡಿದನು. 1900ರಲ್ಲಿ ಹೊವರ್ಡ್ ಕ್ಯಾಂಪ್‌ಬೆಲ್ ಎಂಬುವನು ಅನಂತಪುರದ ಬಳಿ ಕಂಡನು. ಅನಂತಪುರವೆಂದರೆ 1800ರಲ್ಲಿ ನಿಜಾಮನು ಕಂಪೆನಿಗೆ ಬಿಟ್ಟುಕೊಟ್ಟ ದತ್ತಮಂಡಲದ ಒಂದು ಭಾಗ. ಮಡಕಸಿರ, ರಾಯದುರ್ಗಗಳ ಮೂಲಕ ಕನ್ನಡನಾಡಿಗೆ ಅಂಟಿಕೊಂಡ ಸೀಮೆ. ಅಲ್ಲಿಂದ ಮುಂದೆ ಮುದ್ರಿತ ದಾಖಲೆಗಳಲ್ಲಿ ಮೌನ. 1929-30ರಲ್ಲಿ ವರ್ನೆ ಎಂಬ ಧನಿಕನ ನೆರವಿನಿಂದ ಪೂರ್ವಘಟ್ಟಗಳ ಪಕ್ಷಿಸಂಪತ್ತನ್ನು ಕ್ರಮವಾಗಿ ಪರಿಶೀಲಿಸಿದ ತಂಡಕ್ಕೂ ಇದು ಸಿಕ್ಕಲಿಲ್ಲ. 1970ರ ದಶಕದಲ್ಲಿ ಇದಕ್ಕಾಗಿಯೇ ಹೊರಟ ಅನ್ವೇಷಕರೂ ಬರಿಗೈಯಲ್ಲಿ ಹಿಂತಿರುಗಿದರು. ಗ್ರಂಥಗಳಲ್ಲಿ ಈ ಹಕ್ಕಿಯ ಹೆಸರಿನ ಮುಂದೆ 'ಪ್ರಾಯಶಃ ನಿರ್ವಂಶ' ಎಂಬ ಮಾತು ರೂಢಿಯಾಗತೊಡಗಿತು.

ಹಕ್ಕಿ ಇದ್ದೂ ಕಾಣದೆ ಹೋದುದಕ್ಕೆ ಕಾರಣವೇನು? ಇಲ್ಲಿ ಹಿಂದೆ ಹೇಳಿದ ಕಣ್ಣಿನ ವಿಚಾರ ಬರುತ್ತದೆ. ಕಲಿವಿಕೋಡಿ ನಿಶಾಚರ ಪಕ್ಷಿ. ಹಗಲೆಲ್ಲ ಪೊದೆಯ ನೆರಳಿನಲ್ಲಿ ಮಣ್ಣಿನ ಬಣ್ಣದೊಡನೆ ಬೆರೆತು ಸುಮ್ಮನಿರುತ್ತದೆ. ಕತ್ತಲಾದ ಮೇಲೆ ಬಯಲಿಗೆ ಬಂದು ಮೇಯುತ್ತದೆ. ಜೆರ್ಡನ್ನನಾಗಲಿ ಬ್ಲ್ಯಾನ್‌ಫರ್ಡನಾಗಲಿ ಇದನ್ನು ಸ್ಪಷ್ಟವಾಗಿ ಬರೆದಿಟ್ಟಿರಲಿಲ್ಲ. ಇಂಡಿಯದ ಬಯಲುಗಳಲ್ಲಿ ಸಾಮಾನ್ಯವಾಗಿ ಕಾಣುವ ಇನ್ನೊಂದು ಕೋರ್ಸರ್ ಹಗಲುಹಕ್ಕಿಯಾದುದರಿಂದ, ಇದೂ ಹಾಗೆಯೇ ಎಂದು ಭಾವಿಸಿದ ವಿದ್ವಾಂಸರು ಬೆಳಗಿನ ಹೊತ್ತಿನಲ್ಲಿ ದುರ್ಬೀನು ಹಿಡಿದು ಹುಡುಕಿದರು. ಪೀಳಿಗೆಯಿಂದ ಪೀಳಿಗೆಗೆ ಗ್ರಂಥದಿಂದ ಗ್ರಂಥಕ್ಕೆ ನಕಲಾಗಿ ಬಂದ ಒಂದು ಊಹೆ ಎಷ್ಟು ಕಾಲ ಕಣ್ಣು ಕಟ್ಟಬಲ್ಲುದೆಂಬುದಕ್ಕೆ ಇದು ಒಳ್ಳೆಯ ನಿದರ್ಶನ. ನಮ್ಮ ಕವಿಕಾಲನಿರ್ಣಯಗಳಲ್ಲಿ ಇಂತಹವನ್ನು ನಾವು ಅನೇಕ ಸಲ ಕಂಡಿದ್ದೇವೆ.

ಆ ಕಾಡಿನ ಬೇಟೆಗಾರರಿಗೆ ಮಾತ್ರ ರಾತ್ರಿಯ ಪರಿಚಯವಿದ್ದಿತು. ಮುಂಬಯಿಯ ನ್ಯಾಚುರಲ್ ಹಿಸ್ಟರಿ ಸೊಸೈಟಿಯವರು 1980ರ ದಶಕದಲ್ಲಿ ಶೋಧನೆಯನ್ನು ಹೊಸದಾಗಿ ಕೈಗೊಂಡಾಗ, ಆ ಸಂಸ್ಥೆಯ ವಿಜ್ಞಾನಿ ಭರತ್ ಭೂಷಣ್ ಅವರು ಕಡಪ ಜಿಲ್ಲೆಯ ಹಳ್ಳಿಗಳಲ್ಲಿ ಹಕ್ಕಿಯ ಚಿತ್ರವನ್ನು ತೋರಿಸಿ ಜನರನ್ನು ವಿಚಾರಿಸುತ್ತಾ ಹೋದರು. 1986ರ ಜನವರಿ 12-13ರ ನಡುವಣ ರಾತ್ರಿ, ಲಂಕಮಲ ಬೆಟ್ಟಗಳ ತಪ್ಪಲಿನ ರೆಡ್ಡಿಪಲ್ಲಿಯ ಬಳಿ, ಒಬ್ಬ ಸ್ಥಳೀಯ ಬೇಟೆಗಾರನು ದೀಪದ ಬೆಳಕಿಗೆ ಕಣ್ಣು ಕೋರೈಸಿ ನಿಂತ ಒಂದು ಹಕ್ಕಿಯನ್ನು ಜೀವಂತವಾಗಿ ಹಿಡಿದನು. ಅದು ಕಲಿವಿಕೋಡಿಯೇ. ದುರ್ದೈವದಿಂದ ಆ ಹಕ್ಕಿ ಹೆಚ್ಚು ದಿನ ಬದುಕಲಿಲ್ಲ; ಅದರ ಚರ್ಮವನ್ನು ಮುಂಬಯಿಯಲ್ಲಿ ಸಂರಕ್ಷಿಸಿಡಲಾಯಿತು. ಆದರೆ ಸುತ್ತಣ ಕಾಡಿನಲ್ಲಿ ಬೇರೆ ಹಕ್ಕಿಗಳು ಇರುವುದು ಖಚಿತವಾಯಿತು. ತಮ್ಮ ಜೀವಮಾನವೆಲ್ಲ ಇದನ್ನು ಹುಡುಕಬೇಕೆಂದು ಹಂಬಲಿಸಿದ್ದ ಸಲೀಂ ಅಲಿಯವರಿಗೆ ಆಗ 89 ವರ್ಷ ವಯಸ್ಸು. 1987ರ ಜೂನಿನಲ್ಲಿ ನಿಧನ ಹೊಂದುವುದಕ್ಕೆ ಮುಂಚೆ ಈ ಶುಭವಾರ್ತೆಯನ್ನು ಕೇಳುವ ಭಾಗ್ಯ ಅವರಿಗೆ ಲಭಿಸಿತು. 1988ರಲ್ಲಿ ಆಂಧ್ರ ಸರಕಾರವು ಆ ಬೆಟ್ಟಸಾಲನ್ನು ಶ್ರೀ ಲಂಕಮಲ್ಲೇಶ್ವರ ಅಭಯಾರಣ್ಯವೆಂದು ಘೋಷಿಸಿತು. ವಿಸ್ತೀರ್ಣ ಸುಮಾರು 464 ಚದರ ಕಿಲೋಮೀಟರು. ಅದೇ ವರ್ಷ ಅಂಚೆ ಇಲಾಖೆ ಹಕ್ಕಿಯ ಚಿತ್ರವುಳ್ಳ ಒಂದು ರೂಪಾಯಿಯ ಚೀಟಿಯನ್ನೂ ಹೊರಡಿಸಿತು. ಹಿಡಿದ ಬೇಟೆಗಾರನ ಪಾಲಿಗೆ ಬಂದ ಮನ್ನಣೆ ಇದಕ್ಕಿಂತ ಬಹಳ ಕಡಿಮೆ. ನಮ್ಮ ಹಸ್ತಪ್ರತಿಗಳ ಚರಿತ್ರೆಯಲ್ಲಿಯೂ ಓಲೆಕಟ್ಟನ್ನು ಅಟ್ಟದಿಂದ ಇಳಿಸಿ ಕೊಟ್ಟ ಮನೆಯವರ ಗತಿ ಇದೇ ಅಲ್ಲವೆ?

ಇನ್ನು ಕೋಲಾರದ ಮೊಟ್ಟೆಯ ಕಥೆ. ಕನ್ನಡಿಗರಿಗೆ ಇದು ವಿಶೇಷವಾಗಿ ಸಂಬಂಧಿಸಿದ್ದಾದರೂ ನಮ್ಮಲ್ಲಿ ಬಹುಮಂದಿಗೆ ತಿಳಿದಂತಿಲ್ಲ. ಕೋಲಾರದ ಚಿನ್ನದ ಗಣಿಗಳು ಹತ್ತೊಂಬತ್ತನೆಯ ಶತಮಾನದ ಕೊನೆಯ ದಶಕಗಳಲ್ಲಿ ಜಾನ್ ಟೇಲರ್ ಕಂಪೆನಿಯ ಆಡಳಿತದಲ್ಲಿ ಬೆಳೆದು, 1902ರಲ್ಲಿ ಶಿವನಸಮುದ್ರದಿಂದ ವಿದ್ಯುಚ್ಛಕ್ತಿಯನ್ನು ಪಡೆದು, ಮೈಸೂರು ಸಂಸ್ಥಾನದೊಳಗೆ ಒಂದು ಪುಟ್ಟ ಇಂಗ್ಲೆಂಡಿನಂತೆ ಇದ್ದುವು. ಆ ಗಣಿಯ ಊರಿನಲ್ಲಿ ಎರ್ನೆಸ್ಟ್ ಗಿಲ್ಬರ್ಟ್ ಮೀಟನ್ ಎಂಬ ಪಶುವೈದ್ಯನಿದ್ದನು. ಅವನಿಗೆ ಪಕ್ಷಿಗಳ ಮೊಟ್ಟೆಗಳನ್ನು ಸಂಗ್ರಹಿಸುವ ಹವ್ಯಾಸ. 1917ರಲ್ಲಿ ಕೋಲಾರದ ಸೀಮೆಯಲ್ಲಿ ಅವನು ಆರಿಸಿಕೊಂಡ ಒಂದು ಮೊಟ್ಟೆ ಕೈಯಿಂದ ಕೈಗೆ ದಾಟಿ ಸ್ಕಾಟ್ಲೆಂಡನ್ನು ಸೇರಿ, ಕೊನೆಗೆ ಅಬರ್ಡೀನ್ ವಿಶ್ವವಿದ್ಯಾಲಯದ ಪ್ರಾಣಿಶಾಸ್ತ್ರ ಸಂಗ್ರಹಾಲಯದ ಒಂದು ಖಾನೆಯಲ್ಲಿ ಉಳಿಯಿತು. ಹತ್ತಾರು ವರ್ಷ ಯಾರೂ ಅದರತ್ತ ತಿರುಗಿ ನೋಡಲಿಲ್ಲ. ಆ ಸಂಗ್ರಹಾಲಯದ ಅಲನ್ ನಾಕ್ಸ್ ಎಂಬ ವಿದ್ವಾಂಸರ ಗಮನಕ್ಕೆ ಅದು ಬಿದ್ದ ಮೇಲೆ, ಚಿಪ್ಪಿನ ಒಳಗೆ ಅಂಟಿದ್ದ ಪೊರೆಯ ಆನುವಂಶಿಕ ದ್ರವ್ಯವನ್ನು ಹಳೆಯ ಸಂಗ್ರಹದ ಹಕ್ಕಿಯ ಚರ್ಮದೊಡನೆ ಹೋಲಿಸಿ ನೋಡಿದರು. ಅದು ಕಲಿವಿಕೋಡಿಯ ಮೊಟ್ಟೆಯೆಂದು ಸ್ಥಿರಪಟ್ಟಿತು. ಫಲಿತಾಂಶ 2013ರಲ್ಲಿ ಲೋಕಕ್ಕೆ ತಿಳಿಯಿತು.

ಚರಿತ್ರಕಾರನ ದೃಷ್ಟಿಯಿಂದ ಈ ಒಂದು ಮೊಟ್ಟೆಯ ಬೆಲೆ ಬಹಳ ದೊಡ್ಡದು. 1900ಕ್ಕೆ ನಿಂತುಹೋಗಿದ್ದ ದಾಖಲೆ ಇದರಿಂದ 17 ವರ್ಷ ಮುಂದಕ್ಕೆ ಸರಿಯಿತು. ಕಡಪ, ಅನಂತಪುರಗಳ ಹಕ್ಕಿಯೆಂದು ತಿಳಿದಿದ್ದುದು ಮೈಸೂರು ಸಂಸ್ಥಾನದ ನೆಲದಲ್ಲಿಯೂ ಇದ್ದಿತೆಂದಾಯಿತು. ಇದ್ದುದಷ್ಟೇ ಅಲ್ಲ, ಗೂಡು ಕಟ್ಟಿ ಸಂತಾನವನ್ನು ಬೆಳೆಸುತ್ತಿದ್ದಿತು. ನಕ್ಷೆಯನ್ನು ಬಿಡಿಸಿ ನೋಡಿದರೆ ಇದು ಆಶ್ಚರ್ಯವೂ ಅಲ್ಲ. ಕೋಲಾರದ ಒಣಬೆಟ್ಟಗಳಿಗೂ ಕಡಪದ ಬೆಟ್ಟಗಳಿಗೂ ನಡುವೆ ರಾಜ್ಯಗಳ ಗಡಿಯುಂಟೇ ಹೊರತು ಪ್ರಕೃತಿಯ ಗಡಿಯಿಲ್ಲ. ನಂದಿಬೆಟ್ಟದ ಮಗ್ಗುಲಲ್ಲಿ ಹುಟ್ಟುವ ಉತ್ತರ ಪಿನಾಕಿನಿ ಅನಂತಪುರವನ್ನು ಹಾದು, ಕಡಪದಲ್ಲಿ ಪೆನ್ನೆಯೆಂಬ ಹೆಸರಿನಿಂದ ಹರಿದು, ನೆಲ್ಲೂರಿನ ಬಳಿ ಸಮುದ್ರವನ್ನು ಕೂಡುತ್ತದೆ. ಬ್ಲ್ಯಾನ್‌ಫರ್ಡನ ಗೋದಾವರಿಯ ದಾಖಲೆಗಳನ್ನು ಬಿಟ್ಟರೆ ಈ ಹಕ್ಕಿಯ ಚರಿತ್ರೆಯೆಲ್ಲ ಪಿನಾಕಿನಿಯ ಆಸುಪಾಸಿನಲ್ಲಿಯೇ ನಡೆದಿದೆ. ಕೋಲಾರದ ಗಣಿಗಳು 2001ರಲ್ಲಿ ಮುಚ್ಚಿದುವು. ಅಲ್ಲಿಂದ ತೆಗೆದ ಚಿನ್ನದ ಲೆಕ್ಕ ಸರಕಾರದ ವರದಿಗಳಲ್ಲಿ ತೂಕದ ಸಮೇತ ಇದೆ. ಈ ಮೊಟ್ಟೆಯ ಲೆಕ್ಕವನ್ನು ಅಬರ್ಡೀನಿನಲ್ಲಿ ಕೇಳಬೇಕು.

ಮರುಶೋಧನೆಯಾದ ಮೇಲೂ ಹಕ್ಕಿಯ ಜೀವನಕ್ರಮವನ್ನು ತಿಳಿಯುವುದು ಸುಲಭವಾಗಲಿಲ್ಲ. ರಾತ್ರಿಯಲ್ಲಿ, ಮುಳ್ಳಿನ ಕಾಡಿನಲ್ಲಿ, ಕಾಲಸಪ್ಪಳವಾದೊಡನೆ ಪೊದೆಯ ಹಿಂದೆ ಸರಿದುಹೋಗುವ ಜೀವಿಯನ್ನು ಎಣಿಸುವ ಬಗೆ ಹೇಗೆ? 2000ದಿಂದ ಈಚೆಗೆ ಪಿ. ಜಗನ್ನಾಥನ್ ಮತ್ತು ಅವರ ಸಹೋದ್ಯೋಗಿಗಳು, ಇಂಗ್ಲೆಂಡಿನ ರೈಸ್ ಗ್ರೀನ್ ಮೊದಲಾದವರ ಸಹಕಾರದೊಡನೆ, ಒಂದು ಸರಳೋಪಾಯವನ್ನು ಬಳಕೆಗೆ ತಂದರು. ಪೊದೆಗಳ ನಡುವಣ ತೆರಪಿನಲ್ಲಿ ನುಣ್ಣನೆಯ ಮಣ್ಣನ್ನು ಪಟ್ಟಿಯಾಗಿ ಹರಡಿ, ಸಮಮಾಡಿ, ಬೆಳಗ್ಗೆ ಬಂದು ಹೆಜ್ಜೆಗುರುತುಗಳನ್ನು ಓದುವುದು. ಮೂರು ಬೆರಳಿನ ಆ ಗುರುತು ಬೇರೆ ಹಕ್ಕಿಗಳದಲ್ಲವೆಂದು ನಿಶ್ಚಯಿಸಲು ಸ್ವಯಂಚಾಲಿತ ಕ್ಯಾಮೆರಾಗಳನ್ನೂ ಕಟ್ಟಿದರು. ಹೊಸೆದ ಹಗ್ಗವನ್ನೂ ಕಾಲಿನ ಗುರುತನ್ನೂ ಓದಬಲ್ಲ ಕುರುಬನಿಗೆ ಈ ವಿದ್ಯೆ ಹೊಸದಲ್ಲ. ಅದಕ್ಕೆ ಅಳತೆಯೂ ಲೆಕ್ಕವೂ ಕೂಡಿದ್ದು ಹೊಸದು. ಕೂಗಿನ ವಿಚಾರವೂ ಈ ಕಾಲದಲ್ಲಿ ಗೊತ್ತಾಯಿತು. ಸೂರ್ಯಾಸ್ತವಾದ ಸುಮಾರು ಮುಕ್ಕಾಲು ಗಂಟೆಯ ಮೇಲೆ ಎರಡು ಸ್ವರಗಳ ಒಂದು ಕೂಗನ್ನು ಹಕ್ಕಿ ಹಲವು ಸಲ ಆವರ್ತಿಸುತ್ತದೆ. ಒಂದು ಕೂಗಿದರೆ ಹತ್ತಿರದ್ದು ಉತ್ತರ ಕೊಡುವುದುಂಟು. ಕೆಲವೇ ನಿಮಿಷಗಳಲ್ಲಿ ಎಲ್ಲವೂ ನಿಂತುಹೋಗುತ್ತದೆ. ಆ ಕೆಲವು ನಿಮಿಷಗಳನ್ನು ತಪ್ಪಿಸಿಕೊಂಡವನಿಗೆ ಕಾಡು ಬರಿದೆಂದೇ ತೋರುತ್ತದೆ.

ಈ ಅಧ್ಯಯನದಿಂದ ತಿಳಿದ ಅತ್ಯಂತ ಮುಖ್ಯ ಸಂಗತಿ ಹಕ್ಕಿಗೆ ಬೇಕಾದ ಕಾಡಿನ ಸ್ವರೂಪ. ಆಳೆತ್ತರಕ್ಕಿಂತ ಮೇಲೆ ಬೆಳೆದ ದೊಡ್ಡ ಪೊದೆಗಳು ಹೆಕ್ಟೇರಿಗೆ 300ರಿಂದ 700ರಷ್ಟು ಇರಬೇಕು. ಸಣ್ಣ ಪೊದೆಗಳು 1000ಕ್ಕೆ ಮೀರಬಾರದು. ನಡುನಡುವೆ ಓಡಾಡಲು ಬೋಳುನೆಲ ಇರಬೇಕು. ಕಾಡು ತೀರ ಒತ್ತಾದರೂ ಹಕ್ಕಿ ಒಲ್ಲದು, ತೀರ ಬಯಲಾದರೂ ಒಲ್ಲದು. ಇದರ ಪರಿಣಾಮವನ್ನು ಆಲೋಚಿಸಬೇಕು. ಸೌದೆಗಾಗಿ ಪೊದೆಗಳನ್ನು ಬುಡಸಹಿತ ಕಡಿದರೆ ಹಕ್ಕಿ ಹೋಗುತ್ತದೆಂಬುದು ಯಾರಿಗೂ ಹೊಳೆಯುವ ಮಾತು. ಆದರೆ ಕುರಿಮೇಕೆಗಳನ್ನು ಪೂರ್ತಿಯಾಗಿ ಹೊರಗಟ್ಟಿ ಬೇಲಿ ಹಾಕಿದರೂ, ಪೊದೆಗಳು ಹೆಣೆದುಕೊಂಡು ನೆಲ ಮುಚ್ಚಿಹೋಗಿ ಹಕ್ಕಿಗೆ ನೆಲೆ ತಪ್ಪಬಹುದು. ಮಿತವಾಗಿ ಮೇಯಿಸುವ ಕುರುಬನೂ ಮಿತವಾಗಿ ಸೌದೆ ಆಯುವ ಹೆಂಗಸೂ ಈ ಕಾಡನ್ನು ಹೀಗೆ ಇಟ್ಟವರಲ್ಲಿ ಸೇರಿರುವುದು ಸಂಭವ. ಆದುದರಿಂದ ಇಲ್ಲಿ ರಕ್ಷಣೆಯೆಂದರೆ ಬಾಗಿಲಿಗೆ ಬೀಗ ಹಾಕಿ ಹೊರಟುಹೋಗುವ ಕೆಲಸವಲ್ಲ. ಜಮೀನು ಮಾಡಲೆಂದು ಗುಡ್ಡದ ಬುಡವನ್ನು ಸಮತಟ್ಟು ಮಾಡುವುದು ಮಾತ್ರ ಬೇರೆಯೇ ಸಂಗತಿ. ಅಲ್ಲಿ ಪೊದೆ ಮತ್ತೆ ಹುಟ್ಟುವುದಿಲ್ಲ. 1991ರಿಂದ 2000ದವರೆಗಿನ ಒಂದೇ ದಶಕದಲ್ಲಿ ಈ ಪ್ರದೇಶದ ಪೊದೆಗಾಡಿನಲ್ಲಿ ಹತ್ತನೆಯ ಒಂದು ಪಾಲಿಗಿಂತ ಹೆಚ್ಚು ಮುಖ್ಯವಾಗಿ ಬೇಸಾಯಕ್ಕೆ ಸಂದುಹೋಯಿತೆಂದು ಉಪಗ್ರಹದ ಚಿತ್ರಗಳಿಂದ ಲೆಕ್ಕ ಹಾಕಿದ್ದಾರೆ.

ಈಗ ಕಾಲುವೆಯ ಮಾತು. ಮದರಾಸು ನಗರದ ನೀರಿನ ಬವಣೆ ಹಳೆಯದು. ಚೆಂಗುನ್ರಮಿನ ಕೆರೆ, ಚೋಳವರಂ, 1944ರಲ್ಲಿ ಸತ್ಯಮೂರ್ತಿಯವರ ಪ್ರಯತ್ನದಿಂದ ಮುಗಿದ ಪೂಂಡಿಯ ಜಲಾಶಯ ಇವೆಲ್ಲ ಸಾಲದೆ, ಕೃಷ್ಣೆಯಿಂದ ನೀರು ತರುವ ಆಲೋಚನೆ ಬಲವಾಯಿತು. 1976ರ ಏಪ್ರಿಲಿನಲ್ಲಿ ಮಹಾರಾಷ್ಟ್ರ, ಕರ್ನಾಟಕ, ಆಂಧ್ರ ಈ ಮೂರು ರಾಜ್ಯಗಳು ತಮ್ಮ ತಮ್ಮ ಪಾಲಿನಿಂದ ತಲಾ 5 ಟಿ.ಎಂ.ಸಿ. ಬಿಟ್ಟುಕೊಟ್ಟು ಮದರಾಸಿಗೆ ವರ್ಷಕ್ಕೆ 15 ಟಿ.ಎಂ.ಸಿ., ಅಂದರೆ 1500 ಕೋಟಿ ಘನ ಅಡಿ ನೀರನ್ನು ಒದಗಿಸಲು ಒಪ್ಪಿದುವು. ಕಾವೇರಿಯ ವ್ಯಾಜ್ಯವನ್ನು ಕುರಿತು ಈ ನಗರದಲ್ಲಿ ಕನ್ನಡಿಗನು ಎಷ್ಟೋ ಮಾತುಗಳನ್ನು ಕೇಳಬೇಕಾಗಿ ಬಂದಿದೆ. ಕೃಷ್ಣೆಯ ಈ 5 ಟಿ.ಎಂ.ಸಿ.ಯ ಮಾತನ್ನು ಆಡುವವರು ವಿರಳ. ಇರಲಿ. 1983ರಲ್ಲಿ ಆಂಧ್ರ ಮತ್ತು ತಮಿಳುನಾಡಿನ ಮುಖ್ಯಮಂತ್ರಿಗಳಾಗಿದ್ದ ರಾಮರಾವ್ ಮತ್ತು ರಾಮಚಂದ್ರನ್ ಅವರ ನಡುವೆ ಒಪ್ಪಂದವಾಗಿ, ಕುಡಿಯುವ ನೀರಿನ ಯೋಜನೆಗೆ ರಾಯಲಸೀಮೆ ಮತ್ತು ನೆಲ್ಲೂರಿನ ಬೇಸಾಯದ ನೀರೂ ಸೇರಿ, 'ತೆಲುಗುಗಂಗೆ' ಎಂಬ ಹೆಸರು ಬಂದಿತು. ಶ್ರೀಶೈಲದ ಜಲಾಶಯದಿಂದ ಹೊರಟ ನೀರು ವೆಲುಗೋಡಿಗೂ, ಅಲ್ಲಿಂದ ಕಡಪ ಸೀಮೆಯಲ್ಲಿ ಪೆನ್ನೆಗೂ ಇಳಿದು, ಸೋಮಶಿಲ, ಕಂಡಲೇರು ಜಲಾಶಯಗಳನ್ನು ಹಾದು, ಊತುಕೋಟೆಯ ಬಳಿ ಗಡಿ ದಾಟಿ ಪೂಂಡಿಯನ್ನು ಸೇರುತ್ತದೆ. ಮೊದಲ ನೀರು ಬಂದದ್ದು 1996ರಲ್ಲಿ. ಮದರಾಸು ಚೆನ್ನೈ ಆದ ವರ್ಷವೂ ಅದೇ.

ವಾಚಕರು ಗಮನಿಸಿರಬಹುದು: ಈ ಜಲಮಾರ್ಗವು ಕಲಿವಿಕೋಡಿಯ ನಾಡನ್ನು ಉದ್ದಕ್ಕೂ ಹಾದುಹೋಗುತ್ತದೆ. ಸೋಮಶಿಲದ ಅಣೆಕಟ್ಟಿನಿಂದ ನೆಲೆ ತಪ್ಪಿದ ಹತ್ತಾರು ಹಳ್ಳಿಗಳ ಜನ ಈ ಸೀಮೆಯಲ್ಲಿಯೇ ಹೊಸ ಹೊಲಮನೆಗಳನ್ನು ಮಾಡಿಕೊಳ್ಳಬೇಕಾಯಿತು. ಅದರ ಭಾರ ಪೊದೆಗಾಡಿನ ಮೇಲೆ ಬಿದ್ದಿತು. 2005ರಲ್ಲಿ ತೆಲುಗುಗಂಗೆಯ ಕಾಲುವೆಯನ್ನು ತೋಡುವ ಯಂತ್ರಗಳು ಲಂಕಮಲ್ಲೇಶ್ವರ ಅಭಯಾರಣ್ಯದ ಆವರಣದಲ್ಲಿ ಹಕ್ಕಿಯ ನೆಲೆಯೆಂದು ಗೊತ್ತಿದ್ದ ಕಾಡಿನ ಒಂದಂಶವನ್ನೇ ಅಗೆದುಹಾಕಿದುವು. ಅಲ್ಲಿ ಹೆಜ್ಜೆಗುರುತುಗಳನ್ನು ಓದುತ್ತಿದ್ದ ಸಂಶೋಧಕರು ಇದನ್ನು ಕಂಡು ಕೂಗೆಬ್ಬಿಸಿದರು. ಅರಣ್ಯ ಇಲಾಖೆಯವರು ಕೆಲಸವನ್ನು ತಡೆದರು. ಕೊನೆಗೆ ಕಾಲುವೆಯ ದಾರಿಯನ್ನು ಬದಲಾಯಿಸಲಾಯಿತು. ಜಲಯೋಜನೆಯೊಂದು ಅಂಗೈಯಷ್ಟು ಹಕ್ಕಿಗೋಸ್ಕರ ಬಳಸಿ ನಡೆದದ್ದು ನಮ್ಮ ದೇಶದ ಚರಿತ್ರೆಯಲ್ಲಿ ಸಾಮಾನ್ಯ ಸಂಗತಿಯಲ್ಲ.

ಈ ವಿಷಯದಲ್ಲಿ ಎರಡು ಬಗೆಯ ಆತುರದ ಮಾತುಗಳಿವೆ. ಹಕ್ಕಿ ದೊಡ್ಡದೋ ಮನುಷ್ಯನ ಬಾಯಾರಿಕೆ ದೊಡ್ಡದೋ ಎಂಬುದು ಒಂದು. 2019ರ ಬೇಸಗೆಯಲ್ಲಿ ಜೋಲಾರಪೇಟೆಯಿಂದ ರೈಲಿನಲ್ಲಿ ನೀರು ಬಂದುದನ್ನು ಕಂಡ ಈ ನಗರದವರು ಬಾಯಾರಿಕೆಯನ್ನು ಹಗುರವಾಗಿ ನುಡಿಯಲಾರರು. ಆದರೆ ಆ ಪ್ರಶ್ನೆಯೇ ಸರಿಯಲ್ಲ. ಕಾಲುವೆ ಸ್ವಲ್ಪ ಬಳಸಿ ಹೋದರೂ ನೀರು ಪೂಂಡಿಗೆ ಬರುತ್ತದೆಂಬುದನ್ನು 2005ರ ಪ್ರಸಂಗವೇ ತೋರಿಸಿಕೊಟ್ಟಿದೆ. ಇನ್ನೊಂದು ಮಾತು, ನೀರಾವರಿಯನ್ನೆಲ್ಲ ಶತ್ರುವೆಂದು ಎಣಿಸುವುದು. ರಾಯಲಸೀಮೆಯ ಬರವನ್ನು ನೋಡದವರಿಗೆ ಮಾತ್ರ ಅದು ಸುಲಭ. ನನ್ನ ಎಣಿಕೆಯಲ್ಲಿ ನಿಜವಾದ ತೊಡಕು ಇರುವುದು ಕಂದಾಯದ ಕಡತದ ಒಂದು ಪದದಲ್ಲಿ. ಕಂಪೆನಿಯ ಕಾಲದಿಂದ ಇಂದಿನವರೆಗೆ ಮುಳ್ಳುಪೊದೆಯ ನೆಲಕ್ಕೆ 'ಬಂಜರು' ಎಂಬ ಹೆಸರು ಅಂಟಿಕೊಂಡಿದೆ. ತೆರಿಗೆ ಕೊಡದ ನೆಲವೆಲ್ಲ ಬರಿದಾದ ನೆಲವೆಂದು ಬರೆಯುವ ಆ ಪದ್ಧತಿಗೆ ನಮ್ಮ ಕಾವ್ಯಪರಂಪರೆಯೂ ಒಂದು ರೀತಿಯಿಂದ ಒತ್ತಾಸೆ ಕೊಟ್ಟಿದೆ: ಮಾಮರವನ್ನೂ ಕೋಗಿಲೆಯನ್ನೂ ಬಣ್ಣಿಸದ ಕವಿಯಿಲ್ಲ, ಕವಳೆಯ ಪೊದೆಯನ್ನು ಬಣ್ಣಿಸಿದ ಕವಿಯನ್ನು ಹುಡುಕಬೇಕು. ಮಲೆನಾಡಿನ ಮರವೊಂದು ಉರುಳಿದರೆ ಮರುಗುವ ನಾವು ಕೋಲಾರದ ಕುರುಚಲನ್ನು ಕಲ್ಲುಗಣಿಗೆ ಬರೆದುಕೊಟ್ಟರೆ ಕೇಳುವುದಿಲ್ಲ.

ಪ್ರಕೃತ ಸ್ಥಿತಿಯನ್ನು ಹೇಳಿ ಮುಗಿಸುತ್ತೇನೆ. ವನ್ಯಜೀವಿ ಸಂರಕ್ಷಣೆಯ 1972ರ ಶಾಸನದ ಪ್ರಥಮ ಅನುಸೂಚಿಯಲ್ಲಿ ಈ ಹಕ್ಕಿ ಸೇರಿದೆ. ಅಂತರರಾಷ್ಟ್ರೀಯ ಪಟ್ಟಿಯಲ್ಲಿ ಇದನ್ನು ಅಳಿವಿಗೆ ಅತ್ಯಂತ ಸಮೀಪವಾದ ವರ್ಗದಲ್ಲಿ ಇಟ್ಟಿದ್ದಾರೆ. ಬೆಳೆದ ಹಕ್ಕಿಗಳ ಸಂಖ್ಯೆ 50ರಿಂದ 249ರ ಒಳಗೆ ಇರಬಹುದೆಂದು ಅಂದಾಜು. 2000ದ ದಶಕ ಮುಗಿದ ಮೇಲೆ ಇದರ ಸುಳಿವು ಮತ್ತೆ ತಪ್ಪಿಹೋಗಿ, 2021ರಲ್ಲಿ ಲೋಕದಲ್ಲಿ ಕಳೆದುಹೋಗಿರುವ ಪಕ್ಷಿಗಳನ್ನು ಹುಡುಕುವವರು ಮಾಡಿದ ಪಟ್ಟಿಯಲ್ಲಿ ಇದರ ಹೆಸರು ಎರಡನೆಯ ಸಲ ಕಳೆದುಹೋದ ಹಕ್ಕಿಯಾಗಿ ಕಾಣಿಸಿಕೊಂಡಿತು. 2025ರ ಆಗಸ್ಟಿನಲ್ಲಿ ಪಕ್ಷಿವೀಕ್ಷಕರ ಒಂದು ಸಣ್ಣ ತಂಡವು ಆಂಧ್ರದ ಪೊದೆಗಾಡಿನಲ್ಲಿ, ಕತ್ತಲಾದ ಮೇಲೆ, ಆ ಎರಡು ಸ್ವರಗಳ ಕೂಗನ್ನು ಕೇಳಿ ಧ್ವನಿಮುದ್ರಣ ಮಾಡಿಕೊಂಡಿತು. ಕಾಡಿನಲ್ಲಿ ಇದರ ಗೂಡನ್ನು ಶಾಸ್ತ್ರಜ್ಞರಾರೂ ಇದುವರೆಗೆ ಕಂಡು ವರ್ಣಿಸಿಲ್ಲ. ಲಂಕಮಲ್ಲೇಶ್ವರಕ್ಕೂ ಅದರ ಪೂರ್ವಕ್ಕಿರುವ ಪೆನುಶಿಲ ನರಸಿಂಹ ಅಭಯಾರಣ್ಯಕ್ಕೂ ಕಾನೂನಿನ ರಕ್ಷಣೆಯಿದೆ. ಮೀಟನ್ ಮೊಟ್ಟೆಯನ್ನು ಆಯ್ದ ಕೋಲಾರದ ಕಡೆಯಲ್ಲಿ, ಸಂಜೆಯ ಆ ಕೆಲವು ನಿಮಿಷಗಳಲ್ಲಿ, ಕಿವಿಗೊಟ್ಟು ಕುಳಿತುಕೊಳ್ಳುವ ಕೆಲಸಕ್ಕೆ ದುರ್ಬೀನೂ ಬೇಕಿಲ್ಲ. ಬೆಂಗಳೂರಿನಿಂದ ಅಲ್ಲಿಗೆ ಎರಡು ಗಂಟೆಯ ದಾರಿ. ನಮ್ಮ ಚೆನ್ನೈಯಿಂದ ಸಂಜೆಯ ಮುಂಚೆ ತಲುಪಬೇಕಾದರೆ ಬೆಳಗಿನ ರೈಲನ್ನು ಹಿಡಿಯಬೇಕು.